ಭಾವನ ಕಾಲಿಗೆ ಬಿದ್ದ ಗುಂಡು

ಅರ್ಜಿ ಬರೆಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಬರುತ್ತದೆ ಎಂದುಕೊಂಡವರೆಲ್ಲ ಪುರಸಭೆಯ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದು, ನಾಲ್ಕನೆಯ ಸಲಕ್ಕೆ ಎದುರಿನ ಮರದಡಿ ಮೇಜು ಹಾಕಿಕೊಂಡು ಕೂತಿರುವ ನನ್ನ ಹತ್ತಿರವೇ ಬರುತ್ತಾರೆ. ನನ್ನ ಅರ್ಜಿ ಓದಿ ಕಣ್ಣೀರು ಹಾಕಿದ ಗುಮಾಸ್ತರಿದ್ದಾರೆ. ಯಾಕೆ ಹಾಕಿದರು ಎಂದು ನಾನು ಕೇಳಲು ಹೋಗಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದಷ್ಟೇ ಹೇಳಬೇಕಾದ ಕಡೆಯೂ ನಾನು ಎರಡು ಪುಟಕ್ಕೆ ಕಡಿಮೆ ಬರೆದವನಲ್ಲ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದು ಯಾಕೆಂದರೆ, ಮುಂದೆ ನಡೆದದ್ದಕ್ಕೆಲ್ಲ ನಾನೇ ಕಾರಣ ಎಂದು ನಮ್ಮ ಅಕ್ಕ ಬೀದಿ ತುಂಬ ಹೇಳಿಕೊಂಡು ತಿರುಗುತ್ತಿದ್ದಾಳೆ. ಯಾರ ತಪ್ಪು ಎಷ್ಟು ಎಂದು ನೀವೇ ನೋಡಿ.

ಅಕ್ಕನ ಗಂಡ, ಅಂದರೆ ನನ್ನ ಭಾವ, ಮಿಲಿಟರಿಯಲ್ಲಿದ್ದವರು. ಎಡಗಾಲಿನ ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳೂ ಇಲ್ಲ. ಮಾತಂತೂ ಬೆರಳಿಗಿಂತ ಕಡಿಮೆ. ಒಂದು ವಾಕ್ಯಕ್ಕೆ ಎರಡು ಪದ ಸಾಕು, ಮೂರನೆಯದು ದುಂದುವೆಚ್ಚ ಎಂದು ನಂಬಿದವರು. ಇಪ್ಪತ್ತೆರಡು ವರ್ಷದ ಹಿಂದೆ ಕೈಗಾಡಿಯಲ್ಲಿ ಸಾಮಾನು ಹೇರಿಕೊಂಡು ಈ ಮನೆಗೆ ಬಂದ ದಿನ, ಮೂಲೆಯ ಇಸ್ತ್ರಿ ಅಂಗಡಿಯವನು ಅವರು ಕುಂಟುವುದನ್ನು ನೋಡಿ ಕೇಳಿದ್ದ:

"ಕಾಲಿಗೆ ಏನಾಯ್ತು ಸಾರ್?"

"ಗುಂಡು ಬಿತ್ತು."

"ಎಲ್ಲಿ?"

"ಮಿಲಿಟರೀಲಿ."

ಅಷ್ಟೇ ಮಾತು. ಅವತ್ತು ಸಂಜೆಯೊಳಗೆ ಇಸ್ತ್ರಿಯವನು ಮೂವತ್ತು ಮನೆಗೆ ಬಟ್ಟೆ ಹಂಚಿದ. ಬಟ್ಟೆಯ ಜೊತೆ ಆ ಗುಂಡನ್ನೂ ಹಂಚಿದ. ವಾರ ಕಳೆಯುವುದರೊಳಗೆ ಬೀದಿಯವರೆಲ್ಲ ಸೇರಿ ಭಾವನಿಗೆ ಬಡ್ತಿ ಕೊಟ್ಟು ಕ್ಯಾಪ್ಟನ್ ಮಾಡಿಬಿಟ್ಟರು. ಭಾವ ಬೇಡವೆನ್ನಲಿಲ್ಲ. ಬೇಡ ಎನ್ನಲು ಮಾತಾಡಬೇಕಾಗುತ್ತದಲ್ಲ. ಮದುವೆಗೆ ಮುಂಚೆ ನಮ್ಮ ಅಪ್ಪ ಕೇಳಿದಾಗಲೂ ಅವರು "ಗುಂಡು ಬಿತ್ತು" ಎಂದೇ ಹೇಳಿದ್ದರು. ಅಪ್ಪ ಎದ್ದು ನಿಂತು ಕೈ ಕುಲುಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಭಾವನ ಲೋಕವೆಂದರೆ ಮನೆಯ ಮುಂದಿನ ಕೋಣೆ. ಅಲ್ಲಿ ಅವರ ಕುರ್ಚಿ, ಕಾಲಿಡಲು ಒಂದು ಸ್ಟೂಲು, ಗೋಡೆಗೆ ಒರಗಿಸಿದ ಉದ್ದನೆಯ ಬೆಂಚು, ಗಾಳಿಗೆ ಬಾಗಿಲು ಬಡಿದುಕೊಳ್ಳದಿರಲೆಂದು ಒತ್ತಿಟ್ಟ ಒಂದು ದಪ್ಪ ಕಪ್ಪು ಕಲ್ಲು. ಆ ಕಲ್ಲನ್ನು ಎಡವದೆ ಒಳಗೆ ಬಂದವರೇ ಇಲ್ಲ. ಬೆಳಗ್ಗೆ ಎಂಟಕ್ಕೆ ನಿವೃತ್ತ ಡ್ರಿಲ್ ಮೇಷ್ಟ್ರು ಪೇಪರ್ ಓದಲು ಬರುತ್ತಾರೆ. ಎದುರುಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬಂದು ಎಲ್ಲರ ಬಿಪಿ ನೋಡುತ್ತಾಳೆ. ಇಸ್ತ್ರಿಯವನು ಕೆಂಡ ಆರುವವರೆಗೆ ಕೂತು ಹರಟುತ್ತಾನೆ. ಭಾವ ಏನೂ ಮಾತಾಡದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಆ ಕಾಲಿನಲ್ಲಿ ಬೀದಿಯ ಮೂಲೆ ದಾಟಿ ಹೋಗಲಾಗದ ಮನುಷ್ಯನಿಗೆ ಬೀದಿಯೇ ಮನೆಯೊಳಗೆ ಬಂದು ಕೂರುತ್ತಿತ್ತು.

ಇದಕ್ಕೆ ಕುತ್ತು ಬಂದದ್ದು ರಸ್ತೆ ಅಗಲವಾದ ಮೇಲೆ. ರಸ್ತೆ ಅಗಲವಾದರೆ ಮನೆಗಳು ದೊಡ್ಡವರ ಪಟ್ಟಿಗೆ ಸೇರುತ್ತವಂತೆ. ಮನೆ ಇದ್ದ ಹಾಗೇ ಇತ್ತು, ಸೋರುವ ಕಡೆ ಸೋರುತ್ತಲೇ ಇತ್ತು, ಕಂದಾಯ ಮಾತ್ರ ಮೂರು ಪಟ್ಟಾಯಿತು. ಅಕ್ಕ ನೋಟೀಸನ್ನು ಎರಡು ಸಲ ಓದಿ ತೀರ್ಪು ಕೊಟ್ಟಳು.

"ಮುಂದಿನ ಕೋಣೆ ಬಾಡಿಗೆಗೆ ಕೊಡ್ತೀನಿ. ಝೆರಾಕ್ಸ್ ಅಂಗಡಿಯವನು ಆಗ್ಲೇ ಅಡ್ವಾನ್ಸ್ ಹಿಡ್ಕೊಂಡು ನಿಂತಿದಾನೆ."

"ನಾನೆಲ್ಲಿ ಕೂರ್ಲಿ?" ಎಂದರು ಭಾವ. ಅವರ ಬಾಯಿಂದ ಒಂದು ಪ್ರಶ್ನೆ ಬಂದದ್ದು ಅದೇ ಮೊದಲು.

"ಅಡುಗೆಮನೇಲಿ ಕೂತ್ಕೊಳಿ. ನಿಮಗೇನು ಅದು ಹೊಸ ಜಾಗಾನಾ?" ಎಂದಳು ಅಕ್ಕ. ಈ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮಾರನೆಯ ದಿನವೇ ಝೆರಾಕ್ಸ್‌ನವನು ಅಳತೆ ಟೇಪು ಹಿಡಿದು ಬಂದ. ಭಾವ ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ಅವರ ಹೊಟ್ಟೆಯ ಮೇಲಿಂದ ಟೇಪು ಎಳೆದು, "ಮಷೀನು ಇಲ್ಲಿಗೆ ಬರುತ್ತೆ" ಎಂದ. ಆಗ ನನಗೆ ಪುರಸಭೆಯ ನೋಟೀಸು ಬೋರ್ಡು ನೆನಪಾಯಿತು. ಹಳದಿಯಾದ ಒಂದು ಹಾಳೆ ವರ್ಷಗಳಿಂದ ಅಲ್ಲೇ ನೇತಾಡುತ್ತಿದೆ: ಸೇನೆಯಲ್ಲಿ ಕರ್ತವ್ಯದಲ್ಲಿದ್ದಾಗ ಅಂಗವೈಕಲ್ಯ ಹೊಂದಿದ ಮಾಜಿ ಸೈನಿಕರು ವಾಸವಿರುವ ಮನೆಗೆ ಕಂದಾಯ ಪೂರ್ತಿ ವಿನಾಯಿತಿ. ಅದರ ಎದುರಿಗೇ ಹತ್ತೊಂಬತ್ತು ವರ್ಷ ಮೇಜು ಹಾಕಿಕೊಂಡು ಕೂತ ನಾನು ಭಾವನನ್ನೂ ಆ ಹಾಳೆಯನ್ನೂ ಒಟ್ಟಿಗೆ ಯೋಚಿಸಿರಲಿಲ್ಲ.

"ಭಾವ, ಸರ್ಟಿಫಿಕೇಟು ಇದೆಯಾ?"

"ಟ್ರಂಕಲ್ಲಿದೆ."

ಸರ್ಟಿಫಿಕೇಟು ಇಂಗ್ಲಿಷಿನಲ್ಲಿತ್ತು. ನನಗೆ ಇಂಗ್ಲಿಷು ಬರುತ್ತದೆ. ಈ ವಿಷಯದಲ್ಲಿ ಅಕ್ಕ ಏನು ಹೇಳಿದರೂ ನಂಬಬೇಡಿ. ಆದರೆ ಕಾಗದ ಮಡಿಕೆಯಲ್ಲಿ ಸವೆದು, ಟೈಪಿನ ಅಕ್ಷರ ಅರ್ಧಂಬರ್ಧ ಅಳಿಸಿಹೋಗಿತ್ತು. ಗಾಯಕ್ಕೆ ಕಾರಣ ಎಂಬ ಕಡೆ ಎರಡು ಪದ ಕಾಣುತ್ತಿರಲಿಲ್ಲ. ಆಮೇಲೆ ಸ್ಪಷ್ಟವಾಗಿ "ರೌಂಡ್, ಒಂದು" ಎಂದಿತ್ತು. ರೌಂಡ್ ಎಂದರೆ ಏನೆಂದು ಪೇಪರ್ ಓದುವ ಯಾರಿಗೆ ಗೊತ್ತಿಲ್ಲ? ಪೊಲೀಸರು ಗಾಳಿಯಲ್ಲಿ ಎರಡು ರೌಂಡ್ ಗುಂಡು ಹಾರಿಸಿದರು ಎಂದು ತಿಂಗಳಿಗೊಮ್ಮೆ ಬರುತ್ತದೆ.

ಕೂತು ಬರೆದೆ. ಮೂರು ಪುಟವಾಯಿತು. ಅದರ ಜೀವಾಳವೆಂದರೆ ಈ ಸಾಲು: "ಶತ್ರುಗಳ ಗುಂಡಿನ ಸುರಿಮಳೆಗೆ ಎದೆಯೊಡ್ಡಿ ನಿಂತು ಹೋರಾಡುತ್ತಿರುವಾಗ್ಗೆ, ಒಂದು ರೌಂಡ್ ಗುಂಡು ಎಡಗಾಲಿಗೆ ಬಿದ್ದು, ಮೂರು ಬೆರಳುಗಳು ನಾಡಿಗೆ ಅರ್ಪಣೆಯಾಗಿರುತ್ತವೆ."

"ಏನಂತ ಬರ್ದೆ?" ಎಂದರು ಭಾವ, ಕನ್ನಡಕ ಹುಡುಕುತ್ತ.

"ಕಾಲಿಗೆ ಗುಂಡು ಬಿತ್ತು ಅಂತ."

"ಸರಿ. ಅದೇ ನಿಜ," ಎಂದು ಸಹಿ ಹಾಕಿದರು. ಕನ್ನಡಕ ಸಿಗಲಿಲ್ಲ. ಸಿಕ್ಕಿದ್ದರೂ ಅವರು ಮೂರು ಪುಟ ಓದುವವರಲ್ಲ.

ಕಂದಾಯ ವಿಭಾಗದ ಇನ್ಸ್‌ಪೆಕ್ಟರು ಸಣಕಲು ಆಸಾಮಿ. ಮೇಲಿನವರೆಂದರೆ ವಿಪರೀತ ಭಯ. ಅವರ ಮೊಬೈಲಿನಲ್ಲಿ ಸಾಹೇಬರ ಕರೆಗೆಂದೇ ಬೇರೆ ಸದ್ದು ಹಾಕಿಕೊಂಡಿದ್ದರು, ಮಿಲಿಟರಿಯ ಕಹಳೆಯ ಹಾಗೆ ಕೂಗುವಂಥದ್ದು. ನಾನು ಅರ್ಜಿ ಕೊಟ್ಟು ನಿಂತಿದ್ದಾಗಲೇ ಅದು ಕೂಗಿತು. ಇನ್ಸ್‌ಪೆಕ್ಟರು ಕುರ್ಚಿ ಹಿಂದಕ್ಕೆ ತಳ್ಳಿ, ನೆಟ್ಟಗೆ ನಿಂತು, ಬಲಗೈ ಎತ್ತಿ ಸೆಲ್ಯೂಟ್ ಹೊಡೆದರು. ಕೈಯಲ್ಲಿ ಪೆನ್ನಿತ್ತು. ಹಣೆಯ ಮೇಲೆ ನೀಲಿ ಚುಕ್ಕೆ ಬಿತ್ತು.

"ಸಾರ್, ಫೋನಲ್ಲಿ ಅವ್ರಿಗೆ ಕಾಣಲ್ಲವಲ್ಲ?" ಎಂದೆ, ಮಾತು ಮುಗಿದ ಮೇಲೆ.

"ಕಾಣದೆ ಇರ್ಬೋದು. ಗೊತ್ತಾಗುತ್ತೆ ಕಣ್ರೀ," ಎಂದು ಹಣೆ ಒರೆಸಿಕೊಂಡು ನನ್ನ ಅರ್ಜಿ ಕೈಗೆತ್ತಿಕೊಂಡರು. ಓದಿದರು. ತಲೆಯೆತ್ತಿ ನೋಡಿದರು.

"ಎದೆ ಒಡ್ಡಿದ್ರೆ ಕಾಲಿಗೆ ಹೆಂಗ್ರೀ ಬಿತ್ತು?"

"ಶತ್ರುವಿನ ಗುರಿ ಸರಿ ಇರ್ಲಿಲ್ಲ ಸಾರ್."

ಆಮೇಲೆ ಅವರು ಸರ್ಟಿಫಿಕೇಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. "ಅರ್ಜೀಲಿ ಒಂದು, ಸರ್ಟಿಫಿಕೇಟಲ್ಲಿ ಇನ್ನೊಂದು ಇದ್ದಂಗಿದೆಯಲ್ರೀ," ಎಂದರು.

"ಅದು ಭಾಷಾಂತರದ ಸೊಗಸು ಸಾರ್."

"ಗುರುವಾರ ಮನೆಗೆ ಬರ್ತೀನಿ. ಅಕ್ಕಪಕ್ಕದವರ ಹೇಳಿಕೆ ತಗೋತೀನಿ. ಸುಳ್ಳು ಅಂತ ಗೊತ್ತಾದ್ರೆ ಅರ್ಜಿ ವಜಾ. ಇನ್ನೆಂದೂ ಹಾಕೋ ಹಂಗಿಲ್ಲ, ತಿಳೀತಾ?"

ನನಗೆ ತಿಳಿದದ್ದು ಇಷ್ಟು: ಗುಂಡಿಗೆ ಸಾಕ್ಷಿ ಸಾಲದಾಗಿದೆ. ಸಾಕ್ಷಿ ಹೊಂದಿಸುವುದು ನನಗೇನು ಕಷ್ಟ? ಭಾವ ಒಳಗೆ ಮಲಗಿದ್ದ ಹೊತ್ತು ನೋಡಿ ಡ್ರಿಲ್ ಮೇಷ್ಟ್ರು, ನರ್ಸಮ್ಮ, ಇಸ್ತ್ರಿಯವನು ಮೂವರನ್ನೂ ಬೆಂಚಿನ ಮೇಲೆ ಕೂರಿಸಿ ತಯಾರಿ ಮಾಡಿಸಿದೆ. "ಕೋಣೆ ಉಳೀಬೇಕು ಅಂದ್ರೆ ಧೈರ್ಯವಾಗಿ ಹೇಳ್ಬೇಕು, ನೋಡಿದವರ ಹಾಗೆ ಹೇಳ್ಬೇಕು," ಎಂದೆ. ನೋಡಿದವರ ಹಾಗೆ ಎಂಬ ಮಾತನ್ನು ನಾನು ಆಡಬಾರದಿತ್ತು.

ಗುರುವಾರ ಹನ್ನೊಂದಕ್ಕೆ ಇನ್ಸ್‌ಪೆಕ್ಟರು ಬಂದರು. ಬಾಗಿಲ ಕಲ್ಲನ್ನು ಎಡವಿ, ಬೈದುಕೊಂಡು, ಒಳಗೆ ಬಂದು ಕೂತರು. ಭಾವ ಸ್ಟೂಲಿನ ಮೇಲೆ ಕಾಲಿಟ್ಟು ಎಂದಿನಂತೆ ಕೂತಿದ್ದರು. ಅಕ್ಕ ಒಳಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಝೆರಾಕ್ಸ್‌ನವನು ಟೇಪನ್ನು ಜೇಬಿನಲ್ಲಿಟ್ಟುಕೊಂಡು ಹೊಸ್ತಿಲಲ್ಲಿ ಕಾಯುತ್ತಿದ್ದ.

"ಮೊದಲು ನೀವು ಹೇಳಿ," ಎಂದರು ಇನ್ಸ್‌ಪೆಕ್ಟರು.

ಡ್ರಿಲ್ ಮೇಷ್ಟ್ರು ಅಟೆನ್ಷನ್‌ನಲ್ಲಿ ನಿಂತರು. "ಏಳು ಗುಂಡು ಸಾರ್! ಆರು ತಪ್ಪಿಸ್ಕೊಂಡ್ರು. ಎಡಕ್ಕೆ ಮೂರು, ಬಲಕ್ಕೆ ಮೂರು. ಏಳನೇದಕ್ಕೆ ಜಾಗ ಇರ್ಲಿಲ್ಲ."

"ನೀವು ಅಲ್ಲಿದ್ರಾ?"

"ಇರ್ಲಿಲ್ಲ. ಆದ್ರೆ ನೋಡಿದವರ ಹಾಗೆ ಹೇಳ್ತಿದೀನಿ."

ನರ್ಸಮ್ಮ ಎದ್ದು ನಿಂತಳು. "ನಾನು ಗಾಯ ನೋಡಿದೀನಿ ಸಾರ್. ಮೂವತ್ತು ವರ್ಷದ ಸರ್ವೀಸು ನಂದು. ಗುಂಡಿನ ಗಾಯಾನ ವಾಸನೇಲೇ ಹೇಳ್ತೀನಿ. ಗುಂಡು ಇನ್ನೂ ಒಳಗೇ ಇದೆ. ಮಳೆ ಬಂದಾಗ ಅದು ಮಂಡಿವರೆಗೂ ಓಡಾಡುತ್ತೆ."

ಭಾವ ತಮ್ಮ ಮಂಡಿಯನ್ನು ಒಮ್ಮೆ ನೋಡಿಕೊಂಡರು.

ಇಸ್ತ್ರಿಯವನಿಗೆ ತನ್ನ ಸರದಿ ಬರುವಷ್ಟರಲ್ಲಿ ಒಳ್ಳೆಯದೆಲ್ಲ ಖರ್ಚಾಗಿಹೋಗಿತ್ತೆಂದು ಸಿಟ್ಟು ಬಂದಿತ್ತು. "ಅದೆಲ್ಲ ಏನೂ ಅಲ್ಲ ಸಾರ್. ಆ ಕಾಲಲ್ಲೇ ಗಾಯಗೊಂಡವರನ್ನ ಹೆಗಲ ಮೇಲೆ ಹೊತ್ಕೊಂಡು ಎಂಟು ಮೈಲಿ ಓಡಿದಾರೆ. ಒಂದು ಹೆಗಲಲ್ಲಿ ಇಬ್ರು, ಇನ್ನೊಂದ್ರಲ್ಲಿ ಮೂರು ಜನ. ನನಗೆ ಅವ್ರೇ ಹೇಳಿದ್ದು."

"ಯಾವಾಗ?" ಎಂದರು ಭಾವ.

"ನೀವು ಸುಮ್ನಿರಿ ಕ್ಯಾಪ್ಟನ್, ನಿಮಗೆ ಹೇಳ್ಕೊಳೋಕೆ ಸಂಕೋಚ."

ಇನ್ಸ್‌ಪೆಕ್ಟರು ಎಲ್ಲವನ್ನೂ ನಿಧಾನವಾಗಿ ಬರೆದುಕೊಂಡು, ಪೆನ್ನಿಗೆ ಮುಚ್ಚಳ ಹಾಕಿ, ಚೀಲದಿಂದ ಸರ್ಟಿಫಿಕೇಟು ತೆಗೆದರು. "ಈಗ ನಾನು ಓದ್ತೀನಿ, ಕೇಳಿ. ಗಾಯಕ್ಕೆ ಕಾರಣ: ಸ್ಟೋನ್, ಗ್ರೈಂಡಿಂಗ್, ರೌಂಡ್, ಒಂದು."

"ಹಂಗಂದ್ರೆ?" ಎಂದರು ಡ್ರಿಲ್ ಮೇಷ್ಟ್ರು.

"ರುಬ್ಬೋ ಕಲ್ಲಿನ ಗುಂಡು. ಒಂದು."

ಎಲ್ಲರಿಗಿಂತ ಮೊದಲು ಇಸ್ತ್ರಿಯವನು ಚೇತರಿಸಿಕೊಂಡ.

"ಶತ್ರುಗಳು ರುಬ್ಬೋ ಗುಂಡಲ್ಲಿ ಹೊಡೆದ್ರಾ ಸಾರ್? ಎಂಥಾ ಪಾಪಿಗಳಿರ್ಬೇಕು!"

ಆಗ ಭಾವ ಸ್ಟೂಲಿನಿಂದ ಕಾಲು ಕೆಳಗಿಳಿಸಿದರು. ಇಪ್ಪತ್ತೆರಡು ವರ್ಷದ ಮಾತನ್ನು ಕೂಡಿಟ್ಟವರ ಹಾಗೆ, ಯಾರನ್ನೂ ನೋಡದೆ ಹೇಳತೊಡಗಿದರು.

"ನಾನು ಅಡುಗೆಯವನು. ನಾನೂರು ಜನಕ್ಕೆ ಮಾಡ್ತಿದ್ದೆ. ಬೆಳಗ್ಗೆ ಮೂರಕ್ಕೆ ಎದ್ದು ರುಬ್ಬೋಕೆ ಕೂತ್ರೆ ಎಂಟಕ್ಕೆ ಮುಗೀತಿತ್ತು. ಒಂದಿನ ತೊಳೆಯೋಣ ಅಂತ ಗುಂಡು ಎತ್ಕೊಂಡಿದ್ದೆ. ದೊಡ್ಡ ಸಾಹೇಬ್ರು ಅಡುಗೆಮನೆಗೆ ಬಂದ್ಬಿಟ್ರು, ಹೇಳ್ದೆ ಕೇಳ್ದೆ. ಸೆಲ್ಯೂಟ್ ಹೊಡೆದೆ. ಗುಂಡು ಬಿತ್ತು. ನಾನು ಯಾರಿಗೂ ಸುಳ್ಳು ಹೇಳಿಲ್ಲ. ಗುಂಡು ಬಿತ್ತು ಅಂದೆ. ಮಿಲಿಟರೀಲಿ ಅಂದೆ." ಬೆಂಚಿನ ಕಡೆ ತಿರುಗಿದರು. "ಇಷ್ಟು ವರ್ಷ ಎಲ್ರೂ ಗುಂಡಿನ ವಿಷಯಾನೇ ಕೇಳಿದ್ರಿ. ಅಲ್ಲಿ ಏನು ಕೆಲಸ ಮಾಡ್ತಿದ್ದೆ ಅಂತ ಒಬ್ರೂ ಕೇಳ್ಲಿಲ್ಲ."

ನನಗೆ ನಾಚಿಕೆಯಾಯಿತು. ಬೀದಿಯವರದು ಹೋಗಲಿ, ಅವರ ಮನೆಯಲ್ಲೇ ಇಷ್ಟು ವರ್ಷ ಊಟ ಮಾಡಿದ ನಾನೂ ಕೇಳಿರಲಿಲ್ಲ. ಭಾನುವಾರದ ಅಡುಗೆ ಅಕ್ಕನದಲ್ಲ, ಭಾವನದು ಎಂಬುದೂ ನನಗೆ ಆಗಲೇ ಹೊಳೆದದ್ದು.

ಡ್ರಿಲ್ ಮೇಷ್ಟ್ರು ಮಾತ್ರ ಬಗ್ಗಲಿಲ್ಲ. ನನ್ನ ಕಿವಿಯ ಹತ್ತಿರ ಬಾಯಿ ತಂದು, "ಮಿಲಿಟರಿ ಗುಟ್ಟು. ಬಿಟ್ಟುಕೊಡಬಾರದು ಅಂತ ಹೀಗೆ ಹೇಳ್ತಿದಾರೆ," ಎಂದರು. ಪಿಸುಗುಟ್ಟಿದರು ಎನ್ನಬೇಕು, ಆದರೆ ಡ್ರಿಲ್ ಮೇಷ್ಟ್ರ ಪಿಸುಮಾತು ಎರಡು ಬೀದಿಗೆ ಕೇಳುತ್ತದೆ.

"ಗುಟ್ಟೂ ಇಲ್ಲ ಎಂಥದೂ ಇಲ್ಲ," ಎಂದಳು ಅಕ್ಕ ಬಾಗಿಲಿನಿಂದ. "ಮಿಲಿಟರಿ ಬಿಟ್ಟು ಬರುವಾಗ ಜೊತೆಯವರೆಲ್ಲ ಸೇರಿ ಆ ಗುಂಡನ್ನೇ ಇವರಿಗೆ ಕಾಣಿಕೆ ಕೊಟ್ಟು ಕಳಿಸಿದ್ರು. ತಳದಲ್ಲಿ ಅಡುಗೆಮನೆ ನಂಬರ್ರು ಕೆತ್ತಿದೆ. ಅಗೋ, ಬಾಗಿಲಿಗೆ ಇಟ್ಟಿದೀನಲ್ಲ, ಅದೇ. ಬಂದವರೆಲ್ಲ ಅದನ್ನ ಎಡವ್ಕೊಂಡು ಬಂದು ಗುಂಡು ಎಲ್ಲಿ ಗುಂಡು ಎಲ್ಲಿ ಅಂತ ಇವರನ್ನ ಕೇಳ್ತೀರಿ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ನರ್ಸಮ್ಮ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಅದಕ್ಕೆ ಆ ಕಲ್ಲಿನ ಪರಿಚಯ ಬಹಳ ಹಳೆಯದು.

ಇನ್ಸ್‌ಪೆಕ್ಟರು ಫೈಲು ಮುಚ್ಚಿದರು. "ನೋಡಿ, ಯಜಮಾನ್ರು ನಿಜ ಹೇಳಿದ್ರು, ಸಂತೋಷ. ಅರ್ಜೀಲಿರೋ ಸುಳ್ಳು ಇವರದಲ್ಲ, ಈ ಮಹಾಕವಿಗಳದ್ದು." ಇದು ನನ್ನನ್ನು ಕುರಿತ ಮಾತು. "ಅದನ್ನ ನಾನು ಬಿಟ್ಟುಬಿಡ್ತೀನಿ, ಬೇರೆ ಅರ್ಜಿ ಕೊಡಿ. ಆದ್ರೆ ನಿಯಮದಲ್ಲಿ ಕರ್ತವ್ಯದಲ್ಲಿದ್ದಾಗ ಆದ ಪೆಟ್ಟು ಅಂತಿದೆ. ಇದು ಕರ್ತವ್ಯ ಅಲ್ಲ, ನಿರ್ಲಕ್ಷ್ಯ. ಕೈಲಿ ಅಷ್ಟು ದೊಡ್ಡ ಕಲ್ಲು ಹಿಡ್ಕೊಂಡು ಯಾರಾದ್ರೂ ಸೆಲ್ಯೂಟ್ ಹೊಡೀತಾರೇನ್ರೀ? ಬುದ್ಧಿ ನೆಟ್ಟಗಿರೋರು ಮಾಡೋ ಕೆಲಸಾನಾ?"

ಭಾವ ತಲೆ ತಗ್ಗಿಸಿದರು. ಹೊಸ್ತಿಲಲ್ಲಿ ಟೇಪು ಸರ್ರನೆ ಬಿಚ್ಚಿಕೊಂಡ ಸದ್ದಾಯಿತು.

"ಮಹಜರಿಗೆ ಬೇಕು, ಆ ನಂಬರೊಂದು ಬರ್ಕೋತೀನಿ," ಎನ್ನುತ್ತ ಇನ್ಸ್‌ಪೆಕ್ಟರು ಬಾಗಿಲ ಹತ್ತಿರ ಬಗ್ಗಿ ಎರಡು ಕೈಯಲ್ಲೂ ಗುಂಡನ್ನು ಎತ್ತಿದರು. ನಾನೂರು ಜನಕ್ಕೆ ರುಬ್ಬುವ ಗುಂಡು, ಮನೆಯ ಗುಂಡಲ್ಲ. ಎದೆಯವರೆಗೆ ಎತ್ತುವಷ್ಟರಲ್ಲಿ ಮುಖ ಕೆಂಪಾಯಿತು. ತಳ ಕಾಣಲೆಂದು ಇನ್ನೂ ಸ್ವಲ್ಪ ಮೇಲೆತ್ತಿ, "ನಂಬರ್ರು... ನಾಲ್ಕು... ಬೈ..." ಎಂದು ಓದುತ್ತಿದ್ದರು.

ಅವರ ಜೇಬಿನಲ್ಲಿ ಕಹಳೆ ಕೂಗಿತು.

ಇನ್ಸ್‌ಪೆಕ್ಟರು ನೆಟ್ಟಗೆ ನಿಂತರು. ಹಿಮ್ಮಡಿ ಕೂಡಿಸಿದರು. ಬಲಗೈ ಹಣೆಗೆ ಹೋಯಿತು.

ಆ ಸದ್ದನ್ನು ನಾನು ಎರಡು ಪುಟದಲ್ಲಿ ಬರೆಯಬಲ್ಲೆ, ಆದರೆ ಬೇಡ. ಗುಂಡು ಬಿತ್ತು. ಇನ್ಸ್‌ಪೆಕ್ಟರು ಒಂಟಿ ಕಾಲಲ್ಲಿ ಕೋಣೆಯನ್ನು ಎರಡು ಸುತ್ತು ಕುಣಿದು ಭಾವನ ಕುರ್ಚಿಯ ಪಕ್ಕದ ಬೆಂಚಿನ ಮೇಲೆ ಬಿದ್ದರು. ಆದರೂ ಎಂಥಾ ನಿಷ್ಠೆ ನೋಡಿ, ಬೀಳುವ ಮುಂಚೆ ಫೋನು ಕಿವಿಗಿಟ್ಟುಕೊಂಡಿದ್ದರು. ಸಾಹೇಬರದು ದೊಡ್ಡ ಗಂಟಲು, ನಮಗೆಲ್ಲ ಕೇಳಿಸುತ್ತಿತ್ತು.

"ಎಲ್ಲಿದೀರ್ರೀ?"

"ಅಯ್ಯಯ್ಯೋ... ಸಾರ್... ಗುಂಡು ಹಾಕ್ಕೊಂಡ್ಬಿಟ್ಟೆ ಸಾರ್!"

"ಏನಂದ್ರೀ?"

"ಗುಂಡು ಸಾರ್! ಕ್ಯಾಪ್ಟನ್ ಮನೇಲಿ! ನಿಲ್ಲೋಕೇ ಆಗ್ತಿಲ್ಲ ಸಾರ್!"

"ಹಗಲು ಹೊತ್ತಲ್ಲಿ? ಡ್ಯೂಟಿ ಮೇಲೆ? ಎಷ್ಟು ಹಾಕಿದ್ರೀ?"

"ಒಂದೇ ಸಾರ್! ಒಂದಕ್ಕೇ ಹಿಂಗಾಗೋಯ್ತು!"

"ಯಾರ್ರೀ ಕೊಟ್ಟಿದ್ದು?"

"ಯಾರೂ ಕೊಡ್ಲಿಲ್ಲ ಸಾರ್, ನಾನೇ ಎತ್ಕೊಂಡೆ!"

ಫೋನು ಕಡಿದು ಹೋಯಿತು. ಆ ಗಡಿಬಿಡಿಯಲ್ಲಿ ಈ ಸಂಭಾಷಣೆಯಲ್ಲಿ ಏನಾದರೂ ತಪ್ಪಿದೆ ಎಂದು ನಮಗೆ ಯಾರಿಗೂ ಅನ್ನಿಸಲಿಲ್ಲ. ನರ್ಸಮ್ಮ ಬೂಟು ಬಿಚ್ಚಿ ನೋಡಿ, ಹೆಬ್ಬೆರಳ ಮೂಳೆ ಬಿರುಕು ಬಿಟ್ಟಿದೆ, ಬೂಟು ಇದ್ದದ್ದಕ್ಕೆ ಬೆರಳು ಉಳಿಯಿತು ಎಂದಳು. ಭಾವ ತಮ್ಮ ಸ್ಟೂಲನ್ನು ಎಳೆದು ಇನ್ಸ್‌ಪೆಕ್ಟರ ಕಾಲಿನ ಕೆಳಗಿಟ್ಟರು. ತಮ್ಮ ಕಾಲನ್ನು ನೆಲದ ಮೇಲೆ ಚಾಚಿಕೊಂಡರು.

ಇನ್ಸ್‌ಪೆಕ್ಟರು ಆ ಮೂರು ಬೆರಳಿಲ್ಲದ ಕಾಲನ್ನು ಮೊದಲ ಸಲ ಸರಿಯಾಗಿ ನೋಡಿದರು. ಬಹಳ ಹೊತ್ತು ನೋಡಿದರು. "ಆವತ್ತು ನಿಮಗೆ ಬೂಟು ಇರ್ಲಿಲ್ವಾ?" ಎಂದರು.

"ಕಲ್ಲು ತೊಳೀತಿದ್ದೆ. ಬರಿಗಾಲು."

"ತುಂಬಾ ನೋವಾಯ್ತಾ?"

"ಹೂಂ," ಎಂದರು ಭಾವ. ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆಯನ್ನೂ ಯಾರೂ ಕೇಳಿರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಇನ್ಸ್‌ಪೆಕ್ಟರು ಕೋಲೂರಿಕೊಂಡು ಮತ್ತೆ ಬಂದರು. ಕಲ್ಲನ್ನು ದೂರದಿಂದ ಬಳಸಿ ಒಳಗೆ ಬಂದು, ನನ್ನ ಕೈಗೆ ಒಂದು ಕಾಗದ ಕೊಟ್ಟರು. ಪುರಸಭೆಯ ಮೆಮೊ. "ತಾವು ದಿನಾಂಕ ಇಂಥ ಗುರುವಾರ ಕರ್ತವ್ಯದ ವೇಳೆಯಲ್ಲಿ ಅರ್ಜಿದಾರರ ಮನೆಯಲ್ಲಿ ಗುಂಡು ಹಾಕಿಕೊಂಡು, ನಿಲ್ಲಲೂ ಆಗದ ಸ್ಥಿತಿಯಲ್ಲಿದ್ದುದಾಗಿ ತಾವೇ ದೂರವಾಣಿಯಲ್ಲಿ ಒಪ್ಪಿಕೊಂಡಿದ್ದೀರಿ. ತಮ್ಮ ಮೇಲೆ ಶಿಸ್ತು ಕ್ರಮ ಏಕೆ ಜರುಗಿಸಬಾರದು ಎಂಬುದಕ್ಕೆ ಮೂರು ದಿನದೊಳಗೆ ಉತ್ತರಿಸತಕ್ಕದ್ದು."

"ನಾನು ಜನ್ಮದಲ್ಲಿ ಕುಡಿದೋನಲ್ಲ ಕಣ್ರೀ," ಎಂದು ಇನ್ಸ್‌ಪೆಕ್ಟರು ಅಳುಮೋರೆ ಮಾಡಿದರು. "ಆಫೀಸಲ್ಲಿ ಎಲ್ರೂ ನನ್ನ ಬಾಯಿ ಮೂಸೋಕೆ ಬರ್ತಾರೆ. ಪೆಟ್ಟಿಗೆ ರಜೆ ಕೇಳಿದ್ರೆ, ಕುಡಿದು ಬಿದ್ದಿದ್ದಕ್ಕೆಲ್ಲ ರಜೆ ಇಲ್ಲ ಅಂದ್ರು. ಕೆಲಸಕ್ಕೇ ಸಂಚಕಾರ ಬಂದಿದೆ. ಒಂದು ಒಳ್ಳೆ ಉತ್ತರ ಬರ್ಕೊಡಿ."

ನಾನು ಪೆನ್ನು ತೆಗೆದು ಕೂತೆ. "ಮಾನ್ಯರೇ, ಕ್ರೂರ ವಿಧಿಯ ಅಟ್ಟಹಾಸಕ್ಕೆ ಸಿಲುಕಿ..." ಎಂದು ಆರಂಭಿಸಿದ್ದೆ. ಭಾವ ಆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ತುಂಡು ಮಾಡಿದರು.

"ನಾನು ಹೇಳ್ತೀನಿ. ನೀನು ಬರಿ."

ಅವರು ಹೇಳಿದರು, ನಾನು ಬರೆದೆ: "ಕೈಯಲ್ಲಿ ಗುಂಡು ಇತ್ತು. ಸಾಹೇಬರು ಫೋನ್ ಮಾಡಿದರು. ಸೆಲ್ಯೂಟ್ ಹೊಡೆದೆ. ಗುಂಡು ಕಾಲಿಗೆ ಬಿತ್ತು."

"ಮುಗೀತಾ?" ಎಂದೆ. ಹತ್ತೊಂಬತ್ತು ವರ್ಷದಲ್ಲಿ ನಾನು ಬರೆದ ಅತಿ ಚಿಕ್ಕ ಕಾಗದ ಅದು.

"ಇಲ್ಲ," ಎಂದರು ಭಾವ. "ಗುಂಡು ಅಂತ ಬರೆದ ಕಡೆಯೆಲ್ಲ ಮುಂದೆ ರುಬ್ಬು ಅಂತ ಸೇರ್ಸು. ರುಬ್ಬುಗುಂಡು. ಆ ಎರಡಕ್ಷರ ನಾನು ಇಪ್ಪತ್ತೆರಡು ವರ್ಷ ನುಂಗ್ಕೊಂಡಿದ್ದೆ. ಇವರಾದ್ರೂ ನುಂಗದೆ ಇರ್ಲಿ."

ಸೇರಿಸಿದೆ. ಆ ಕಾಗದ ಸಾಹೇಬರ ಮೇಜಿಗೆ ಹೋಯಿತು. ತಮ್ಮ ಫೋನಿಗೆ ಒಬ್ಬ ಮನುಷ್ಯ ಕಣ್ಣಿಗೆ ಕಾಣದ ಜಾಗದಲ್ಲೂ ಸೆಲ್ಯೂಟ್ ಹೊಡೆಯುತ್ತಾನೆ ಎಂದು ತಿಳಿದು ಸಾಹೇಬರ ಎದೆ ಉಬ್ಬಿತಂತೆ. ಹಸಿರು ಶಾಯಿಯಲ್ಲಿ ಹೀಗೆ ಬರೆದರು: "ಮೇಲಧಿಕಾರಿಗೆ ಗೌರವ ಸಲ್ಲಿಸುವುದು ಕರ್ತವ್ಯದ ಭಾಗವೇ ಆಗಿದೆ. ಆ ವೇಳೆ ಆದ ಪೆಟ್ಟು ಕರ್ತವ್ಯದಲ್ಲಿದ್ದಾಗ ಆದ ಪೆಟ್ಟೇ ಆಗಿರುತ್ತದೆ. ಮೆಮೊ ಕೈಬಿಡಲಾಗಿದೆ. ರಜೆ ಮಂಜೂರು."

ಇನ್ಸ್‌ಪೆಕ್ಟರು ಅದನ್ನು ಮೂರು ಪ್ರತಿ ತೆಗೆಸಿಕೊಂಡು ನೇರ ನಮ್ಮಲ್ಲಿಗೆ ಬಂದರು. ಪ್ರತಿ ತೆಗೆದುಕೊಟ್ಟವನು ನಮ್ಮ ಝೆರಾಕ್ಸ್‌ನವನೇ. ಅದನ್ನು ಓದಿಕೊಂಡು ತೆಗೆದನೋ ಏನೋ, ಅವತ್ತಿನಿಂದ ಟೇಪು ಹಿಡಿದು ಬರುವುದನ್ನು ಬಿಟ್ಟ. "ನಿಮ್ಮ ಹೊಸ ಅರ್ಜಿ ಎಲ್ಲಿ ಕ್ಯಾಪ್ಟನ್?" ಎಂದರು ಇನ್ಸ್‌ಪೆಕ್ಟರು. ಅರ್ಜಿ ಬರೆಯಲು ನನಗೆ ಎರಡು ನಿಮಿಷ ಸಾಕಾಯಿತು. ಅದೇ ನಾಲ್ಕು ಸಾಲು. "ಫೋನ್ ಮಾಡಿದರು" ಎಂಬಲ್ಲಿ "ಬಂದರು" ಎಂದು ತಿದ್ದಿದೆ, ಅಷ್ಟೇ. ಇನ್ಸ್‌ಪೆಕ್ಟರು ಸಾಹೇಬರ ಹಸಿರು ಶಾಯಿಯ ಸಾಲನ್ನು ಹಾಗೆಯೇ ಇಳಿಸಿ, "ಸದರಿ ಗುಂಡಿನ ಭಾರವನ್ನು ಖುದ್ದಾಗಿ ಪರಿಶೀಲಿಸಿರುತ್ತೇನೆ" ಎಂದು ಸೇರಿಸಿ ಸಹಿ ಮಾಡಿದರು. ಆ ತಿಂಗಳಿಂದ ಮನೆಗಂದಾಯ ಮಾಫಿ.

ಬೀದಿಯವರು ಈಗಲೂ ಕ್ಯಾಪ್ಟನ್ ಎಂದೇ ಕರೆಯುತ್ತಾರೆ. ಇಪ್ಪತ್ತೆರಡು ವರ್ಷದ ಬಡ್ತಿಯನ್ನು ವಾಪಸು ಪಡೆಯುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ಆದರೆ ಅರ್ಜಿಗೆ ಸಹಿ ಬಿದ್ದ ಮಾರನೆಯ ದಿನವೇ ಇಸ್ತ್ರಿಯವನು ಬೆಂಚಿನ ತುದಿಯಲ್ಲಿ ಕೂತು, ತಲೆ ಕೆರೆದುಕೊಂಡು, "ಅಲ್ಲ ಕ್ಯಾಪ್ಟನ್, ನಾನೂರು ಜನಕ್ಕೆ ಉಪ್ಪು ಎಷ್ಟು ಅಂತ ಹೆಂಗೆ ಗೊತ್ತಾಗ್ತಿತ್ತು?" ಎಂದು ಕೇಳಿದ. ಭಾವ ಉತ್ತರ ಶುರುಮಾಡಿದರು. ಒಂದು ಗಂಟೆ ಮಾತಾಡಿದರು. ಅಕ್ಕ ಒಳಗಿನಿಂದ ಬಂದು, ಬಾಗಿಲಲ್ಲಿ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ಹೋಗುವಾಗ ನನ್ನ ಕಡೆ ನೋಡಿ, "ನೀನು ಮೊದಲೇ ನಾಲ್ಕು ಸಾಲು ಬರೆದಿದ್ರೆ ಆಗ್ತಿತ್ತು," ಎಂದಳು.

ಇನ್ಸ್‌ಪೆಕ್ಟರ ರಜೆ ಇನ್ನೂ ಮುಗಿದಿಲ್ಲ. ದಿನಾ ಬೆಳಗ್ಗೆ ಬರುತ್ತಾರೆ. ಒಂದೇ ಸ್ಟೂಲಿನ ಮೇಲೆ ಎರಡು ಕಾಲು, ಒಂದು ಭಾವನದು, ಒಂದು ಅವರದು. ಮೊನ್ನೆ ಹೊಸದಾಗಿ ಬಂದ ಅಂಚೆಯವಳು ಕಾಗದ ಕೊಡಲು ಒಳಗೆ ಬಂದು, ಕಲ್ಲನ್ನು ಎಡವಿ, ಸಾವರಿಸಿಕೊಂಡು, ಆ ಎರಡು ಕಾಲನ್ನೂ ನೋಡಿ ನಿಂತುಬಿಟ್ಟಳು.

"ಅಯ್ಯೋ, ಇಬ್ರಿಗೂ ಏನಾಯ್ತು ಸಾರ್?"

ಇನ್ಸ್‌ಪೆಕ್ಟರು ಬಾಯಿ ತೆರೆದರು. "ಗುಂ..."

"ರುಬ್ಬು!" ಎಂದು ಇಡೀ ಕೋಣೆ ಕೂಗಿತು. ಎಲ್ಲರಿಗಿಂತ ದೊಡ್ಡ ದನಿ ಭಾವನದು.